ಮಲಗಿಕೊಂಡು ಬರುವ ಸೀಟು

ಸೋಮವಾರ, ಜನವರಿ 9

ಅಕ್ಕನಿಗೆ ಗುಬ್ಬಿಯ ನಮಸ್ಕಾರ.

ಇವತ್ತು ನನ್ನ ಉಪವಾಸ. ಬೆಳಿಗ್ಗೆ ಅಂಗಳ ಗುಡಿಸಿ, ನೀರು ತುಂಬಿ, ದೇವರ ಪಾತ್ರೆ ಬೆಳಗಿ, ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಟ್ಟು ಈಗ ಕೂತಿದ್ದೇನೆ. ಸಂಜೆ ದೀಪ ಹಚ್ಚುವವರೆಗೆ ಬಾಯಿಗೆ ಅನ್ನವಿಲ್ಲ, ಬಾಯಿಂದ ಮಾತೂ ಇಲ್ಲ. ಸೋಮವಾರದ ಈ ಮೌನ ಹತ್ತೊಂಬತ್ತು ವರ್ಷದಿಂದ ನಡೆದು ಬಂದಿದೆ. ಯಾಕೆ ಹಿಡಿದೆ ಎಂದು ನೀನು ಕೇಳಿಲ್ಲ, ನಾನೂ ಹೇಳಿಲ್ಲ. ವರ್ಷಕ್ಕೆರಡು ಕಾಗದ, ನಾವು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ, ಅಷ್ಟರಲ್ಲೇ ಮುಗಿಸುತ್ತಿದ್ದೆವು. ಇದು ಹಾಗೆ ಮುಗಿಯುವ ಕಾಗದವಲ್ಲ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಬೈಯಬೇಡ.

ಶನಿವಾರ ಟಿಕೆಟ್ ಹುಡುಗಿ ದಿಂಬಿನ ಗವಸು ತೆಗೆದುಕೊಂಡು ಹೋಗಲು ಬಂದಿದ್ದಳು. ನಮ್ಮ ಅಂಗಡಿಯಿಂದ ಎರಡು ಬಾಗಿಲು ಆಚೆಗೆ ವಿಮಾನದ ಟಿಕೆಟ್ ಮಾಡಿಕೊಡುವ ಆಫೀಸಿದೆ, ಅಲ್ಲಿ ಕೆಲಸ ಅವಳಿಗೆ. ನನ್ನ ಫೋನು ಟಿಂಗ್ ಎಂದಿತು. ಕನ್ನಡಕ ಕೈಗೆ ಸಿಗಲಿಲ್ಲ, ಏನು ಬಂದಿದೆ ನೋಡು ಎಂದೆ.

"ಚಿಕ್ಕಮ್ಮಾ, ನಿಮ್ಮ ಕಾರ್ಡಿನ ಪಾಯಿಂಟ್ ಮೇ ಕೊನೆಗೆ ಮುಗಿದು ಹೋಗುತ್ತಂತೆ."

"ಅಳಿಸಿ ಹಾಕು. ಮೋಸದೋರು ಕಳ್ಸೋದು ಅದು. ವರ್ಷಗಟ್ಟಲೆ ಅಳಿಸ್ತಾನೇ ಇದ್ದೀನಿ."

"ಮೋಸ ಅಲ್ಲ, ನಿಮ್ಮ ಬ್ಯಾಂಕೇ ಕಳಿಸಿರೋದು. ಅಯ್ಯೋ ದೇವರೇ! ಎಷ್ಟಿದೆ ಗೊತ್ತಾ? ಇಷ್ಟರಲ್ಲಿ ನೀವು ಸಮುದ್ರದ ಮೇಲೆ ಮಲಗಿಕೊಂಡು ಬರಬಹುದು!"

ಹುಡುಗಿಗೆ ಬಿಸಿಲು ತಲೆಗೇರಿದೆ ಅಂದುಕೊಂಡೆ. ಅವಳು ಕೂತು ಬಿಡಿಸಿ ಹೇಳಿದಳು. ಹನ್ನೊಂದು ವರ್ಷದ ಹಿಂದೆ ಬಟ್ಟೆ ಸಗಟು ಅಂಗಡಿಯ ಸಾಹುಕಾರರು ಬಲವಂತವಾಗಿ ಒಂದು ಕಾರ್ಡು ಮಾಡಿಸಿದ್ದರಲ್ಲ, ಹೋಟೆಲಿನವರ ಹೊದಿಕೆ, ಗವಸು, ಪರದೆ ಎಲ್ಲದರ ಬಟ್ಟೆಯನ್ನೂ ಅದರಲ್ಲೇ ತರುವುದು. ಒಂದೊಂದು ಥಾನಿಗೂ ನಾಲ್ಕು ಕಾಳು ಉದುರಿದ ಹಾಗೆ ಪಾಯಿಂಟ್ ಉದುರಿವೆಯಂತೆ. ನಾನು ಗುಡಿಸಿರಲಿಲ್ಲ, ರಾಶಿಯಾಗಿ ಬಿದ್ದಿವೆ. ಅವನ್ನು ವಿಮಾನದ ಕಂಪನಿಗೆ ಕೊಟ್ಟರೆ ಅವರು ಸೀಟು ಕೊಡುತ್ತಾರೆ. ಅದೂ ಮಾಮೂಲಿ ಸೀಟಲ್ಲ ಅಕ್ಕ! ಮುಂದುಗಡೆ ಇರುತ್ತದಲ್ಲ ದೊಡ್ಡವರದು, ಗುಂಡಿ ಒತ್ತಿದರೆ ಬೆನ್ನು ಕೆಳಗೆ ಹೋಗಿ, ಕಾಲು ಮೇಲೆ ಬಂದು, ಸಪಾಟಾದ ಹಾಸಿಗೆಯಾಗುತ್ತದೆ.

ಹಾಸಿಗೆ ಎಂದ ತಕ್ಷಣ ನನಗೆ ನೀನು ನೆನಪಾದೆ. ಬೆನ್ನುಮೂಳೆ ಸವೆದಿದೆ, ಒಂದು ಗಂಟೆಗಿಂತ ಹೆಚ್ಚು ಕೂರುವ ಹಾಗಿಲ್ಲ, ಇನ್ನು ವಿಮಾನದ ಮಾತೇ ಇಲ್ಲ ಎಂದು ನೀನು ಸಮುದ್ರದಾಚೆಯಿಂದ ಹೋದ ವರ್ಷ ಬರೆದೆ. ನಿನ್ನ ಡಾಕ್ಟರು ಕೂರಬೇಡ ಎಂದಿದ್ದಾರೆ, ಮಲಗಬೇಡ ಎಂದಿಲ್ಲವಲ್ಲ?

ಪಾಸ್‌ಪೋರ್ಟಿನ ಮೊದಲ ಪುಟದ ನಕಲು ಕಳಿಸು. ಅದರ ಜೊತೆಗೆ ಅಳತೆಯೂ ಬೇಕು. ನಿಂತ ಅಳತೆಯಲ್ಲ, ಮಲಗಿದ ಅಳತೆ. ಭುಜದ ಅಗಲ, ಮಗ್ಗುಲಾಗಿ ಮೊಣಕಾಲು ಮಡಚಿದರೆ ಎಷ್ಟು ಜಾಗ ಬೇಕು, ಎಲ್ಲ. ಯಾರ ಕೈಲಾದರೂ ಟೇಪು ಹಿಡಿಸಿ ಅಳೆಸು.

ನಿನ್ನ
ಗುಬ್ಬಿ


ಜನವರಿ 27

ಗುಬ್ಬಿಗೆ ಆಶೀರ್ವಾದ.

ನಿನಗೆ ಐವತ್ತು ತುಂಬಿದರೂ ಬುದ್ಧಿ ಮಾತ್ರ ಲಂಗ ಕುಪ್ಪಸದಲ್ಲೇ ಇದೆ. ಗವಸು ಹೊಲಿದದ್ದಕ್ಕೆ ವಿಮಾನ ಕೊಡುತ್ತಾರೆಂದರೆ, ಇಪ್ಪತ್ತಾರು ವರ್ಷ ಆಸ್ಪತ್ರೆಯ ಗವಸು ಒಗೆದ ನನಗೆ ಇಷ್ಟು ಹೊತ್ತಿಗೆ ವಿಮಾನ ನಿಲ್ದಾಣವನ್ನೇ ಬರೆದು ಕೊಡಬೇಕಿತ್ತು. ಆ ಒಗೆಯುವ ಮಿಷನ್ನುಗಳು ಕೊಟ್ಟದ್ದು ಈ ಬೆನ್ನು, ಮತ್ತು ಈ ಕಿವುಡು. ಈಗ ಮಳೆ ಬಂದರೂ ಕಿಟಕಿ ನೋಡಿಯೇ ತಿಳಿಯಬೇಕು.

ದೊಡ್ಡವರ ಸೀಟಿನಲ್ಲಿ ನನ್ನನ್ನು ಕಂಡರೆ ಎಬ್ಬಿಸಿ, "ಅಮ್ಮಾ, ಹೊದಿಕೆ ಒಗೆಯೋದಕ್ಕೆ ಆಮೇಲೆ ತಗೊಂಡು ಹೋಗಿ" ಎನ್ನುತ್ತಾರೆ.

ಆದರೂ ದರ್ಜಿ ಕೇಳಿದ ಮೇಲೆ ಅಳತೆ ಕೊಡದೆ ಇರಬಾರದು. ನನ್ನ ಕೋಣೆಯ ಕೆಳಗೆ ಚಪ್ಪಲಿ ರಿಪೇರಿಯ ಅಂಗಡಿಯಿದೆ. ಅದರ ಯಜಮಾನತಿ ಮೇಲೆ ಬಂದು, ನನ್ನನ್ನು ಚರ್ಮದ ಹಾಳೆ ಹಾಸಿದ ಹಾಗೆ ನೆಲದ ಮೇಲೆ ಹಾಸಿ ಅಳೆದಳು. ಉದ್ದ ಐದಡಿ ಎರಡಂಗುಲ. ಭುಜ ಹದಿನೇಳಂಗುಲ. ಎಡಮಗ್ಗುಲಿಗೆ ಮಲಗಿ ಮೊಣಕಾಲು ಮಡಚಿದರೆ ಬೆನ್ನಿಂದ ಮಂಡಿಯವರೆಗೆ ಇಪ್ಪತ್ತಾರು. ನನಗೆ ಬಲಮಗ್ಗುಲಾಗುವುದಿಲ್ಲ, ಅಂಗಾತವೂ ಆಗುವುದಿಲ್ಲ. ಅಳೆಯುತ್ತಾ ಅವಳು ಏನೋ ಕೇಳಿದಳು. ತುಟಿ ನೋಡಿದರೆ "ಹೆಣದ ಪೆಟ್ಟಿಗೆಗಾ?" ಎಂದ ಹಾಗಿತ್ತು. ಇನ್ನೂ ಇಲ್ಲ ಎಂದೆ.

ನಕಲೂ ಇದರಲ್ಲಿದೆ. ಇದರರ್ಥ ಬರುತ್ತೇನೆ ಅಂತಲ್ಲ.

ಅಕ್ಕ


ಸೋಮವಾರ, ಫೆಬ್ರವರಿ 13

ಅಕ್ಕನಿಗೆ,

ಹೋದ ಮಂಗಳವಾರ ನಿನ್ನ ಅಳತೆ ಬಂದ ಕ್ಷಣ ಹೊಲಿಯುತ್ತಿದ್ದ ಪರದೆಯನ್ನು ಹಾಗೇ ಬಿಟ್ಟೆ. ಟಿಕೆಟ್ ಹುಡುಗಿ ಸೀಟಿನ ಅಳತೆ ಬರೆದು ಕೊಟ್ಟಿದ್ದಳು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸುಣ್ಣದ ಬಳಪದಿಂದ ಅದನ್ನು ಹಾಗೆಯೇ ಬರೆದು, ಮೇಲೆ ಹತ್ತಿ, ನಿನ್ನ ಹಾಗೆ ಎಡಕ್ಕೆ ತಿರುಗಿ ಮಲಗಿದೆ. ಅಷ್ಟರಲ್ಲಿ ನಮ್ಮನೆಯವರು ಊಟಕ್ಕೆ ಬಂದರು. ಮೂವತ್ತು ವರ್ಷ ಬಸ್ಸಿನ ಕಂಡಕ್ಟರಾಗಿದ್ದವರಿಗೆ ಸೀಟಿನ ವಿಷಯದಲ್ಲಿ ಬಾಯಿ ಸುಮ್ಮನಿರುತ್ತದೆಯೇ?

"ಏನೇ ಇದು, ನಿನ್ನನ್ನೇ ಕತ್ತರಿಸಿಕೊಳ್ತೀಯಾ?"

"ಅಕ್ಕನ ಸೀಟು."

"ಹದಿನಾಲ್ಕು ಗಂಟೆ ಮಲಗಿಕೊಂಡು ಬರೋರಿಗೆ ನಾನು ಟಿಕೆಟ್ಟೇ ಹರೀತಿರ್ಲಿಲ್ಲ. ಲಗೇಜು ಅಂತ ಟಾಪ್ ಮೇಲೆ ಹಾಕ್ತಿದ್ದೆ."

ಮಲಗಿ ನೋಡಿದ್ದು ಒಳ್ಳೆಯದೇ ಆಯಿತು ಅಕ್ಕ. ಆ ಹಾಸಿಗೆ ಭುಜದ ಹತ್ತಿರ ಅಗಲವಾಗಿದೆ, ಕಾಲಿನ ಕಡೆಗೆ ಪೈಜಾಮದ ಹಾಗೆ ಕಿರಿದಾಗುತ್ತಾ ಹೋಗಿ ಒಂದು ಗೂಡಿನೊಳಗೆ ಸೇರುತ್ತದೆ. ಅಂಗಾತ ಮಲಗುವವರಿಗೆ ಸರಿ, ಮಂಡಿ ಮಡಚುವವರಿಗೆ ಮಂಡಿ ಗೋಡೆಗೆ ಬಡಿಯುತ್ತದೆ. ಹುಡುಗಿಯನ್ನು ಬೆನ್ನು ಹತ್ತಿದೆ. ಎಲ್ಲ ಸಾಲೂ ಹೀಗೆಯಾ ಎಂದೆ. ಅವಳು ನಕ್ಷೆ ತೆಗೆದು ಬೆರಳಿಟ್ಟು ನೋಡಿದಳು. ಮೊದಲ ಸಾಲಿಗೆ ಮಾತ್ರ ಎದುರಿಗೆ ಬೇರೆ ಸೀಟಿಲ್ಲ, ಕಾಲಿನ ಗೂಡು ಅಗಲ. ಅದರಲ್ಲೂ ಎಡಗಡೆಯ ಕಿಟಕಿಯ ಸೀಟಾದರೆ ನೀನು ಎಡಕ್ಕೆ ತಿರುಗಿದಾಗ ಮುಖ ಆಕಾಶಕ್ಕೆ! ವಿಮಾನಕ್ಕೆಲ್ಲ ಅದೊಂದೇ ನಿನಗೆ ಹೊಂದುವ ಸೀಟು.

"ಇಷ್ಟು ವರ್ಷದಲ್ಲಿ ಮಂಡಿಗೆ ಅಂತ ಸೀಟು ಕೇಳಿದೋರು ನೀವೊಬ್ಬರೇ ಚಿಕ್ಕಮ್ಮಾ" ಎಂದಳು ಹುಡುಗಿ.

ಆದರೆ ಆ ದರ್ಜೆಯಲ್ಲಿ ಪಾಯಿಂಟಿಗೆ ಕೊಡುವ ಸೀಟು ಒಂದೂ ಖಾಲಿಯಿಲ್ಲ. ಅದಕ್ಕೆ ಹುಡುಗಿ ಒಂದು ದಾರಿ ಹೇಳಿದಳು. ಅರ್ಧ ಪಾಯಿಂಟಿನಲ್ಲಿ ಮೊದಲು ಕೆಳಗಿನ ದರ್ಜೆಯ ಸೀಟು ಖಾತ್ರಿ ಮಾಡಿಕೊಳ್ಳುವುದು, ಉಳಿದ ಅರ್ಧ ಇಟ್ಟುಕೊಂಡು ಮೇಲಿನ ದರ್ಜೆಗೆ ಏರಿಸಿ ಎಂದು ಸರದಿಯಲ್ಲಿ ನಿಲ್ಲುವುದು. ಯಾರಾದರೂ ಬಿಟ್ಟರೆ ಕಂಪನಿಯವರೇ ಫೋನು ಮಾಡುತ್ತಾರೆ. "ಅಂದ್ರೆ ಬಾಗಿಲಲ್ಲಿ ನೇತಾಡ್ತಾ ಇರೋದು, ಒಳಗಿನೋರು ಇಳಿದ್ರೆ ಸೀಟು" ಎಂದು ನಮ್ಮನೆಯವರು ಒಂದೇ ಮಾತಿನಲ್ಲಿ ಮುಗಿಸಿದರು.

ಒಂದು ಭಯವೂ ಇತ್ತು. ಪಾಯಿಂಟುಗಳು ಬ್ಯಾಂಕಿನಿಂದ ವಿಮಾನದ ಕಂಪನಿಗೆ ಒಮ್ಮೆ ಹೋದರೆ ಬ್ಯಾಂಕಿಗೆ ಮರಳುವುದಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ. ದೇವರಿಗೆ ಕೈಮುಗಿದು ಗುಂಡಿ ಒತ್ತಿಬಿಟ್ಟೆ. ಟಿಕೆಟ್ ಮೇ ಒಂಬತ್ತಕ್ಕೆ ಆಗಿದೆ. ನೀನು ಸರದಿಯಲ್ಲಿ ಮೂರನೆಯವಳು. ಮೇಲಿನ ದರ್ಜೆ ಸಿಗದೇ ಹೋದರೆ ರದ್ದು ಮಾಡುತ್ತೇನೆ, ಕೂತು ಬಾ ಎಂದು ನಾನು ಹೇಳುವುದಿಲ್ಲ.

ಮೂರನೆಯವಳು ಅಕ್ಕ! ದಿನಾ ಬೆಳಿಗ್ಗೆ ದೇವರ ಮುಂದೆ ಹೂವಿಟ್ಟು, ಆ ಇಬ್ಬರಿಗೆ ಇನ್ನೂ ಒಳ್ಳೆಯ ಸೀಟು ಬೇರೆಲ್ಲಾದರೂ ಸಿಗಲಪ್ಪಾ ಎಂದು ಬೇಡುತ್ತೇನೆ. ಕೆಟ್ಟದ್ದಂತೂ ಬೇಡುತ್ತಿಲ್ಲ.

ನಿನ್ನ
ಗುಬ್ಬಿ


ಮಾರ್ಚ್ 5

ಗುಬ್ಬಿಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೇಜಿನ ಮೇಲೆ ಮಲಗಿದೆ ಎಂದದ್ದನ್ನು ಕೆಳಗಿನ ಚಪ್ಪಲಿ ಅಂಗಡಿಯವಳಿಗೂ ಓದಿ ಹೇಳಿದೆ. ನಕ್ಕು ನಕ್ಕು ಬಾಯಲ್ಲಿದ್ದ ಮೊಳೆ ನುಂಗುವುದರಲ್ಲಿದ್ದಳು.

ಸೀಟಿನ ಉದ್ದ ಬರೆದೆ, ಅಗಲ ಬರೆದೆ, ಗೂಡು ಬರೆದೆ. ಬಂದವಳು ವಾಪಸ್ ಹೋಗುವುದು ಹೇಗೆ ಎನ್ನುವುದು ಮಾತ್ರ ಎಲ್ಲೂ ಇಲ್ಲ. ನೀನು ಚಿಕ್ಕಂದಿನಿಂದಲೂ ಹೀಗೆಯೇ, ಬಟ್ಟೆಯ ಒಳ್ಳೆಯ ಮಗ್ಗುಲನ್ನು ಮಾತ್ರ ತೋರಿಸುತ್ತೀಯ.

ಇನ್ನೊಂದು ಮಾತು. ನನ್ನ ಕಿವಿ ಪೂರ್ತಿ ಹೋಗುವ ಮೊದಲು ನಿನ್ನ ದನಿಯಲ್ಲಿ ಕೊನೆಗೆ ಕೇಳಿದ್ದೇನು ಎನ್ನುವುದು ನನಗೆ ನೆನಪಿದೆ. ನಿನಗೂ ಇರಬಹುದು. ಬಾ ಎನ್ನುವುದಾದರೆ ನೀನು ಅನ್ನಬೇಕು. ಪಾಯಿಂಟುಗಳು ಅಂದರೆ ಸಾಲದು.

ಇಲ್ಲಿ ಚಳಿ ಇಳಿದಿದೆ. ನಿನ್ನ ಗಂಡನಿಗೆ ಹೇಳು, ಟಾಪ್ ಮೇಲೆ ಹಾಕಿದರೂ ಸರಿಯೇ, ಹಗ್ಗ ಗಟ್ಟಿಯಾಗಿ ಕಟ್ಟಲಿ.

ಅಕ್ಕ


ಮಂಗಳವಾರ, ಏಪ್ರಿಲ್ 11

ಅಕ್ಕನಿಗೆ ನಮಸ್ಕಾರ.

ಇವತ್ತು ಉಪವಾಸದ ದಿನವಲ್ಲ, ಆದರೂ ಮಾಡುತ್ತಿದ್ದೇನೆ. ನಿನ್ನೆಯ ವ್ರತ ಮುರಿಯಿತು. ಬೆಳಗಿನ ಕೆಲಸ ಯಾವುದೂ ಆಗಿಲ್ಲ, ಅಂಗಳ ಹಾಗೇ ಬಿದ್ದಿದೆ, ಮೊದಲು ಇದನ್ನು ಬರೆಯದಿದ್ದರೆ ಎದೆ ಒಡೆದು ಹೋಗುತ್ತದೆ.

ನಿನ್ನ ಕಾಗದ ಬಂದು ಮೂರು ವಾರವಾಗಿತ್ತು. ಉತ್ತರ ಬರೆಯಲು ಕೂತಾಗೆಲ್ಲ ಕೈ ನಿಲ್ಲುತ್ತಿತ್ತು. ಹಾಗಿರುವಾಗ ನಿನ್ನೆ ಸೋಮವಾರ ಹನ್ನೊಂದು ಗಂಟೆಗೆ, ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಹೊದಿಕೆಗೆ ಅಂಚು ಮಡಚುತ್ತಿದ್ದಾಗ ಫೋನು ಬಂತು. ಸೋಮವಾರ ನಮ್ಮನೆಯವರೇ ನನ್ನ ಬಾಯಿ. ನನಗೂ ಕೇಳಲೆಂದು ಫೋನಿನ ದನಿ ದೊಡ್ಡದು ಮಾಡಿ ಮಾತಾಡಿದರು. ವಿಮಾನದ ಕಂಪನಿಯ ಹೆಣ್ಣುಮಗಳು.

"ನೀವು ಕಾಯ್ತಿದ್ದ ಸೀಟು ತೆರವಾಗಿದೆ ಸರ್. ಪಾಯಿಂಟ್ ಖಾತೆ ಯಾರ ಹೆಸರಲ್ಲಿದೆಯೋ ಅವರು ಒಪ್ಪಿಗೆ ಕೊಡಬೇಕು."

"ನಾನು ಅವಳ ಗಂಡ. ಒಪ್ಪಿಗೆ, ಒಪ್ಪಿಗೆ!"

"ಕ್ಷಮಿಸಿ ಸರ್, ಅವರೇ ಮಾತಾಡಬೇಕು."

"ಅವಳು ಮಾತಾಡಲ್ಲ."

"ಹುಷಾರಿಲ್ವಾ ಸರ್?"

"ಗುಂಡುಕಲ್ಲಿನ ಹಾಗಿದ್ದಾಳೆ. ಇವತ್ತು ಸೋಮವಾರ."

ಆಕೆ, ಇದೇ ಕರೆಯಲ್ಲಿ ಒಪ್ಪಿಗೆ ಸಿಗದಿದ್ದರೆ ಸೀಟು ಸರದಿಯಲ್ಲಿ ಮುಂದಿನವರಿಗೆ ಹೋಗುತ್ತದೆ ಎಂದಳು. ನಮ್ಮನೆಯವರು ನನ್ನ ಮುಖ ನೋಡಿದರು. "ಒಂದ್ನಿಮಿಷ, ಕೊಡ್ತೀನಿ" ಎಂದರು. ಗಂಟಲು ಸರಿಮಾಡಿಕೊಂಡು, ಮೂಗಿನಲ್ಲಿ, ಬೆಕ್ಕಿನ ಮರಿಯ ದನಿಯಲ್ಲಿ, "ಹಲೋ, ನಾನೇ ಮಾತಾಡ್ತಿರೋದು" ಎಂದರು. ಸೂಜಿಗಳೆಲ್ಲ ಬಾಯಿಂದ ಉದುರಿಬಿಟ್ಟವು ಅಕ್ಕ.

"ಹುಟ್ಟಿದ ತಾರೀಕು ಹೇಳಿ ಮೇಡಂ."

ಮದುವೆಯಾಗಿ ಇಪ್ಪತ್ತೇಳು ವರ್ಷವಾದ ಗಂಡನಿಗೆ ಹೆಂಡತಿಯ ಹುಟ್ಟಿದ ತಾರೀಕು ಗೊತ್ತಿಲ್ಲ! ನಾನು ಬಳಪದಿಂದ ಬಟ್ಟೆಯ ಮೇಲೆ ದೊಡ್ಡದಾಗಿ ಬರೆದು ಹಿಡಿದೆ. ಅವರ ಕನ್ನಡಕ ಒಳಗಿತ್ತು. ಕಣ್ಣು ಕಿರಿದು ಮಾಡಿ ಏನೋ ಓದಿದರು.

"ತಪ್ಪಾಗಿದೆ ಮೇಡಂ. ಇನ್ನೊಂದು ಸಲ ಮಾತ್ರ ಹೇಳಬಹುದು."

ನಾನು ದೇವರ ಪಟದ ಕಡೆ ನೋಡಿದೆ. ಹತ್ತೊಂಬತ್ತು ವರ್ಷ ಒಂದು ಸೋಮವಾರವೂ ತಪ್ಪಿರಲಿಲ್ಲ. ಜ್ವರ ಬಂದಾಗ ನರಳಿದ್ದೂ ಬಾಯಿ ಮುಚ್ಚಿಕೊಂಡೇ. ಆಗ ನನಗೆ ಅನ್ನಿಸಿತು, ಈ ಬಾಯಿ ಮುಚ್ಚಿದ್ದು ಯಾರಿಗೋಸ್ಕರ? ಅಕ್ಕನಿಗೇ ಈಗ ಇದು ಬೇಕಾಗಿದೆ. ಫೋನು ಕಿತ್ತುಕೊಂಡೆ. ದನಿ ತುಕ್ಕು ಹಿಡಿದ ಕೀಲಿನ ಹಾಗೆ ಬಂತು. ತಾರೀಕು ಹೇಳಿದೆ.

"ಒಪ್ಪಿಗೆ ಇದೆಯಾ ಮೇಡಂ?"

"ಇದೆ. ಅವಳು ಬರಲಿ."

"ಯಾರು ಮೇಡಂ?"

"ನಮ್ಮಕ್ಕ. ಬರಲಿ ಅವಳು. ಮೊದಲ ಸಾಲು, ಎಡಗಡೆ ಕಿಟಕಿ. ಅವಳಿಗೆ ಮಂಡಿ ಮಡಚೋದಕ್ಕೆ ಜಾಗ ಬೇಕು. ಬರಲಿ ಅವಳು!"

ಆಕೆ ನಕ್ಕಳು, ಕೊಟ್ಟಿದ್ದೇನೆ ಎಂದಳು. ನಾನು ಎಷ್ಟು ಸಲ ಬರಲಿ ಎಂದೆನೋ, ಎರಡು ಬಾಗಿಲು ಆಚೆಯಿಂದ ಟಿಕೆಟ್ ಹುಡುಗಿ ಓಡಿ ಬಂದಳು. ಇಬ್ಬರೂ ಕೈ ಕೈ ಹಿಡಿದು ಬಟ್ಟೆಯ ರಾಶಿಯ ಮೇಲೆ ಕುಣಿದೆವು. ನನ್ನ ವಯಸ್ಸು ನೋಡು, ನನ್ನ ಕುಣಿತ ನೋಡು!

ಈಗ ಒಳಮಗ್ಗುಲು ತೋರಿಸುತ್ತೇನೆ. ಅಮ್ಮ ಹೋದ ಮಾರನೆಯ ದಿನ, ರಜೆ ಸಿಕ್ಕಿದೆ, ಹೊರಡುತ್ತೇನೆ ಎಂದು ನೀನು ಫೋನು ಮಾಡಿದೆ. ಅವಳ ಬಾಯಿಗೆ ನೀರು ಬಿಟ್ಟು, ಅವಳನ್ನು ತೊಳೆದು, ಹೊದಿಸಿ, ಕಳಿಸಿಕೊಟ್ಟು ನಾನು ಒಬ್ಬಳೇ ಕೂತಿದ್ದೆ. "ಈಗ್ಯಾಕೆ? ಇನ್ನು ನೀನು ಬರಬೇಡ" ಎಂದೆ. ಅಂದು ಸೋಮವಾರ. ಆಮೇಲೆ ನಿನ್ನ ಕಿವಿ ಹೋಯಿತು, ಆ ಮಾತನ್ನು ಅಳಿಸಲು ಇನ್ನೊಂದು ಮಾತು ಕೇಳಿಸುವ ದಾರಿಯೇ ಇಲ್ಲವಾಯಿತು. ಬರೆಯಬಹುದಿತ್ತು. ಬರೆಯಲಿಲ್ಲ. ಬರೆಯುವ ಧೈರ್ಯವಿಲ್ಲದೆ ವಾರಕ್ಕೊಂದು ದಿನ ಬಾಯಿ ಕಟ್ಟಿಕೊಂಡು, ಅದನ್ನೇ ಪ್ರಾಯಶ್ಚಿತ್ತ ಅಂದುಕೊಂಡೆ. ತಪ್ಪು ನನ್ನದು ಅಕ್ಕ. ಬಾ.

ವಾಪಸ್ ಟಿಕೆಟ್ಟಿಗೆ ಪಾಯಿಂಟ್ ಇಲ್ಲ. ಇನ್ನೊಂದು ಸಲ ಇಷ್ಟು ಕೂಡಬೇಕಾದರೆ ಹನ್ನೊಂದು ವರ್ಷ ಹೊಲಿಯಬೇಕು. ಕೂತು ವಾಪಸ್ ಹೋಗಲು ನಿನ್ನಿಂದಾಗುವುದಿಲ್ಲ. ಅಂದರೆ ಬರುವುದೆಂದರೆ ಬಂದೇಬಿಡುವುದು. ಅದನ್ನು ಕೇಳಲು ಹೆದರಿ ಬರೀ ಗೂಡಿನ ಅಗಲ ಬರೆಯುತ್ತಿದ್ದೆ. ಅಂಗಡಿಯ ಪಕ್ಕದ ಕೋಣೆ ನಿನಗೆ. ಮೇ ಎರಡರವರೆಗೆ ಟಿಕೆಟ್ ರದ್ದು ಮಾಡಬಹುದು. ಬೇಡವಾದರೆ ಅಷ್ಟರೊಳಗೆ ತಿಳಿಸು, ನಾನು ಒಂದು ಮಾತೂ ಆಡುವುದಿಲ್ಲ.

ಟಿಕೆಟ್ ಇದರಲ್ಲಿದೆ. ಮಡಿಕೆ ಬೀಳದಂತೆ ಗವಸಿನ ಬಟ್ಟೆಯಲ್ಲಿ ಸುತ್ತಿದ್ದೇನೆ.

ನಿನ್ನ
ಗುಬ್ಬಿ


ಮೇ 2

ಅಕ್ಕನಿಗೆ,

ನಿನ್ನ ಉತ್ತರ ಬರಲಿಲ್ಲ. ಪೋಸ್ಟಿನವರು ನನ್ನನ್ನು ಕಂಡರೆ ಈಗ ಬೀದಿಯ ಆಚೆ ಬದಿಯಲ್ಲಿ ಹೋಗುತ್ತಾರೆ.

ಸಂಜೆ ಐದರವರೆಗೆ ರದ್ದು ಮಾಡಬಹುದಿತ್ತು. ಟಿಕೆಟ್ ಹುಡುಗಿ ಎದುರಿಗೆ ಕೂತಿದ್ದಳು. "ಏನ್ಮಾಡೋಣ ಚಿಕ್ಕಮ್ಮಾ? ಅವರು ಬರದೇ ಹೋದ್ರೆ ಪಾಯಿಂಟೆಲ್ಲ ನೀರು ಪಾಲು" ಎಂದಳು. "ಹೋದರೆ ಹೋಗಲಿ. ನಾನು ಅವಳಿಗೆ ಬೇಡ ಅಂದಿದ್ದು ಒಂದು ಸಲ ಸಾಕು" ಎಂದೆ. ಐದು ಹೊಡೆಯಿತು. ಅವಳು ಎದ್ದು ಹೋದಳು.

ನಿನಗೆ ಕಿವಿ ಕೇಳುವುದಿಲ್ಲ, ಎಲ್ಲವನ್ನೂ ಬರೆದು ತೋರಿಸಿ ಎಂದು ಟಿಕೆಟ್ಟಿನ ಜೊತೆಗೆ ಹೇಳಿಸಿದ್ದೇನೆ. ಗಾಲಿಕುರ್ಚಿಗೂ ಹೇಳಿದೆ. ಈ ಕಾಗದ ನಿನಗೆ ಸಿಗುವುದು ನೀನು ಹೊರಟ ಮೇಲೆ, ಇಲ್ಲವೇ ಹೊರಡದೆ ಉಳಿದ ಮೇಲೆ. ಆದರೂ ಬರೆಯುತ್ತಿದ್ದೇನೆ, ಕೈ ಸುಮ್ಮನಿರುವುದಿಲ್ಲ. ಹಾಸಿಗೆ ಹಾಸಿಟ್ಟಿದ್ದೇನೆ.

ನಿನ್ನ
ಗುಬ್ಬಿ


ಮೇ 9, ಆಕಾಶದಲ್ಲಿ

ಗುಬ್ಬಿಗೆ ಆಶೀರ್ವಾದ.

ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೇನೆ, ಮಲಗಿಕೊಂಡು. ಹೌದು ಕಣೇ, ಮಲಗಿಕೊಂಡು! ಎಡಮಗ್ಗುಲಿಗೆ. ಮಂಡಿ ಎರಡೂ ಮಡಚಿವೆ, ಗೋಡೆಗೂ ಮಂಡಿಗೂ ನಡುವೆ ಇನ್ನೂ ನಾಲ್ಕು ಬೆರಳು ಜಾಗ ಮಿಕ್ಕಿದೆ. ಎರಡು ಸಲ ಬೆರಳಿಟ್ಟು ನೋಡಿದೆ. ನಿನ್ನ ಕೈಯ ಅಳತೆ ಯಾವತ್ತು ತಪ್ಪಿದೆ?

ಹತ್ತಿದ ತಕ್ಷಣ ಎಡವಟ್ಟಾಯಿತು. ಗುಂಡಿಗಳ ಸಾಲಿನಲ್ಲಿ ಒಂದನ್ನು ಒತ್ತಿದೆ, ಸೀಟು ನನ್ನನ್ನು ಹೊತ್ತುಕೊಂಡು ಮುಂದಕ್ಕೆ ಹೊರಟಿತು. ಇನ್ನೊಂದು ಒತ್ತಿದೆ, ಕಾಲು ಮೇಲೆ ಹೋಯಿತು. ಪರಿಚಾರಕಿ ಓಡಿ ಬಂದು ಚೀಟಿಯಲ್ಲಿ ಬರೆದು ತೋರಿಸಿದಳು: "ಈಗ ಬೇಡ ಅಜ್ಜಿ, ವಿಮಾನ ಏರಿದ ಮೇಲೆ." ನಾನು ಅದರ ಕೆಳಗೆ ಬರೆದೆ: "ಅಜ್ಜಿ ನಿಮ್ಮಮ್ಮ." ಅದನ್ನು ಓದಿ ಅವಳು ನಕ್ಕದ್ದು ನನಗೆ ಕೇಳಿಸದಿದ್ದರೂ ಭುಜ ಕುಣಿದದ್ದು ಕಂಡಿತು. ಆವಾಗಿನಿಂದ ಇಬ್ಬರಿಗೂ ಚೀಟಿಯ ವ್ಯವಹಾರ ನಡೆದಿದೆ. ಏರುವಾಗ ಅರ್ಧ ಗಂಟೆ ಕೂತೆ, ಬೆನ್ನು ತಡೆಯಿತು. ಪಕ್ಕದಲ್ಲಿ ಸೂಟು ಹಾಕಿದವರೊಬ್ಬರಿದ್ದಾರೆ. ಇಷ್ಟು ದೊಡ್ಡ ಹಾಸಿಗೆ ಕೊಟ್ಟರೂ ಕೂತುಕೊಂಡೇ ಲೆಕ್ಕ ನೋಡುತ್ತಿದ್ದಾರೆ, ಪಾಪ.

ಹೊದಿಕೆಯ ಹೊಲಿಗೆ ತಿರುಗಿಸಿ ನೋಡಿದೆ. ನಿನ್ನದರಷ್ಟು ಒತ್ತಾಗಿಲ್ಲ.

ನಾಲ್ಕು ಉತ್ತರ ಬರೆದು ನಾಲ್ಕನ್ನೂ ಹರಿದೆ. ಒಂದರಲ್ಲಿ ಜಗಳ ಹೆಚ್ಚಾಯಿತು, ಒಂದರಲ್ಲಿ ಅಳು. ಮೂರನೆಯದು ಏನೆಂದು ನೆನಪಿಲ್ಲ. ನಾಲ್ಕನೆಯದು ಚೆನ್ನಾಗಿಯೇ ಇತ್ತು, ಅಂಚೆಗೆ ಹಾಕಲು ಹೋಗಿ ಡಬ್ಬಿಯ ಮುಂದೆ ನಿಂತೆ. ಇಷ್ಟು ವರ್ಷ ಇದರ ಬಾಯಿಗೆ ಹಾಕಿದ್ದು ಸಾಕು ಅನ್ನಿಸಿತು. ವಾಪಸ್ ಬಂದು ಕೋಣೆ ಬಿಟ್ಟುಕೊಟ್ಟೆ. ಪಾತ್ರೆಗಳನ್ನು ಚಪ್ಪಲಿ ಅಂಗಡಿಯವಳಿಗೆ ಕೊಟ್ಟೆ. ಅವಳು ಕಣ್ಣೊರೆಸಿಕೊಂಡು ನನ್ನ ಚಪ್ಪಲಿಗೆ ಹೊಸ ಅಟ್ಟೆ ಹಾಕಿದಳು, ಕಾಸು ಮುಟ್ಟಲಿಲ್ಲ. ನಿನ್ನನ್ನು ಹೆದರಿಸಿದ್ದು ತಪ್ಪು, ಆದರೆ ಹತ್ತೊಂಬತ್ತು ವರ್ಷಕ್ಕೆ ಮೂರು ವಾರ ಹೆಚ್ಚಲ್ಲ.

ಅಮ್ಮನ ವಿಷಯ. ರಜೆ ನನಗೆ ಒಂದು ವಾರ ಮೊದಲೇ ಸಿಕ್ಕಿತ್ತು ಗುಬ್ಬಿ. ಅವಳನ್ನು ಆ ಸ್ಥಿತಿಯಲ್ಲಿ ನೋಡಲು ಹೆದರಿ ನಾನೇ ದಿನ ತಳ್ಳಿದೆ. ಬೇಡ ಎಂದು ನೀನು ಅಂದಾಗ, ನಿನಗೆ ಅದು ಹೇಗೋ ತಿಳಿದಿದೆ ಅಂದುಕೊಂಡೆ. ತಪ್ಪು ನನ್ನದು ಎಂದು ನೀನು ಬರೆದದ್ದನ್ನು ಓದಿದ ಮೇಲೆ ಇದನ್ನು ಮುಚ್ಚಿಟ್ಟುಕೊಂಡು ನಿನ್ನ ಮನೆಯ ಹಾಸಿಗೆಯಲ್ಲಿ ಮಲಗಲಾರೆ. ಓದಿ ಸಿಟ್ಟು ಬಂದರೆ ಸಿಟ್ಟಾಗು. ನಾನು ಎಲ್ಲಿಗೂ ಹೋಗುವ ಹಾಗಿಲ್ಲ, ಎದುರಿಗೇ ಇರುತ್ತೇನೆ, ಬೇಕಾದಷ್ಟು ದಿನ ಸಿಟ್ಟಾಗಬಹುದು.

ಪರಿಚಾರಕಿ ಬಂದು ಚೀಟಿ ತೋರಿಸಿದಳು, ಇಳಿಯುತ್ತಿದ್ದೇವಂತೆ, ಸೀಟು ನೆಟ್ಟಗೆ ಮಾಡಬೇಕಂತೆ. ಕಿಟಕಿಯ ತುಂಬ ಬಿಸಿಲು. ಕೆಳಗೆ ಮನೆಗಳು ಗುಂಡಿಯಷ್ಟು ಗುಂಡಿಯಷ್ಟು ಕಾಣುತ್ತಿವೆ, ನಿನ್ನದು ಯಾವುದೋ.

ಇದಕ್ಕೆ ಅಂಚೆಚೀಟಿ ಹಚ್ಚಿಲ್ಲ. ಗಾಲಿಕುರ್ಚಿಯಲ್ಲಿ ನನ್ನನ್ನು ಹೊರಬಾಗಿಲವರೆಗೆ ತಂದು ಬಿಡುತ್ತಾರಂತೆ. ನಿನ್ನ ಕಾಗದದ ಉತ್ತರ ನನ್ನ ಸ್ವೆಟರಿನ ಜೇಬಿನಲ್ಲಿರುತ್ತದೆ, ಯಾರನ್ನಾದರೂ ಕಳಿಸಿ ತರಿಸಿಕೋ. ಯಾರಿಗೂ ಬಿಡುವಿಲ್ಲದಿದ್ದರೆ ನೀನೇ ಬಾ.

ಅಕ್ಕ